ಹಳೆಯ ಪೇಪರಿನ ಹೊಸ ಉಪಯೋಗ

ಹಳೆಯ ಪೇಪರಿನಿಂದ ಏನೇನು ಮಾಡಬಹುದು, ಹೇಳಿ ನೋಡೋಣ. ಡೊಂಬಿವಲಿಯಲ್ಲಿ ಸಂಸಾರ ಮಾಡಿದವರಿಗೆ ಇದೂ ಒಂದು ಪ್ರಶ್ನೆಯೇ ಎಂದು ನಗಬೇಡಿ. ಮೊನ್ನೆ ನಮ್ಮ ಸೊಸೈಟಿಯ ಆಫೀಸಿನಲ್ಲಿ ನನ್ನನ್ನು ಕೂರಿಸಿಕೊಂಡು ಹೀಗೆ ಕೇಳಿದವಳು ಪಕ್ಕದ ವಿಂಗಿನ, ಮನಃಶಾಸ್ತ್ರ ಓದುತ್ತಿರುವ ಹುಡುಗಿ. ಆರೋಗ್ಯವಂತ ಮುದುಕರಲ್ಲಿ ಕಲ್ಪನಾಶಕ್ತಿ ಎಷ್ಟು ಉಳಿದಿದೆಯೆಂದು ಅಳೆಯುವುದು ಅವಳಿಗೆ ಕಾಲೇಜು ಕೊಟ್ಟ ಕೆಲಸ. ಬಿಪಿ ಇಲ್ಲ, ಸಕ್ಕರೆ ಇಲ್ಲ, ಮರೆವಂತೂ ಇಲ್ಲವೇ ಇಲ್ಲ ಎಂದು ಬೀಗುತ್ತಲೇ ಹೋಗಿದ್ದೆ.

ಬೀಗುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಇಲ್ಲಿನ ತಾಳಮದ್ದಳೆಗಳಲ್ಲಿ ನಾನು ಹಳೆಯ ಅರ್ಥಧಾರಿ. ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರ ಪದ ಮುಗಿದೊಡನೆ ಕುಳಿತಲ್ಲೇ ಮಾತು ಹೆಣೆಯುವ ಕಲೆ ಅದು. ಬರೆದಿಟ್ಟ ಸಂಭಾಷಣೆ ಅಲ್ಲಿಲ್ಲ, ಎದುರಾಳಿ ಎಸೆದ ಪ್ರಶ್ನೆಗೆ ಉತ್ತರ ಆ ಕ್ಷಣದಲ್ಲೇ ಹುಟ್ಟಬೇಕು. ನೌಕರಿಯಲ್ಲಿದ್ದಷ್ಟು ಕಾಲ ನಾನು ಯಾರ ಲೆಕ್ಕಕ್ಕೂ ಇಲ್ಲದ ಗುಮಾಸ್ತನಾಗಿದ್ದೆ. ತಾಳಮದ್ದಳೆಯ ಚಾಪೆಯ ಮೇಲೆ ಮಾತ್ರ ನನಗೊಂದು ಬೆಲೆಯಿತ್ತು.

ಆರಂಭವೇನೋ ಜೋರಾಗಿಯೇ ಇತ್ತು. ಲೋಕಲ್ ರೈಲಿನ ಬಾಗಿಲ ಬಳಿ ಹಾಸಿಕೊಂಡು ಕೂರಬಹುದು, ಸೆಖೆಗೆ ಬೀಸಿಕೊಳ್ಳಬಹುದು, ಬಂಗುಡೆ ಕಟ್ಟಿಸಿಕೊಂಡು ಬರಬಹುದು, ಕಪಾಟಿಗೆ ಹಾಸಬಹುದು, ಕಿಟಕಿಯ ಗಾಜು ಒರೆಸಬಹುದು. ಬರೆದುಕೊಳ್ಳುತ್ತಿದ್ದ ಹುಡುಗಿ ತಲೆಯೆತ್ತಿ ಮೆಲ್ಲಗೆ ಕೇಳಿದಳು: "ಕಾಕಾ, ಇದೆಲ್ಲ ನೀವು ಮಾಡಿದ್ದೇ ಅಲ್ವಾ? ಯಾರೂ ಮಾಡದೇ ಇರೋದು ಏನಾದ್ರೂ ಹೇಳಿ ನಾ."

ಯೋಚಿಸಿದೆ. ಹೊರಗೆ ಠಾಕುರ್ಲಿ ಸ್ಟೇಷನ್ನಿನ ಕಡೆಗೆ ಒಂದು ಲೋಕಲ್ ಗಾಡಿ ಹೋಯಿತು, ಅದರ ಹಿಂದೆಯೇ ಇನ್ನೊಂದು ಹೋಯಿತು. ನನಗೆ ಏನೂ ಹೊಳೆಯಲಿಲ್ಲ.

"ಟೆನ್ಷನ್ ತಗೋಬೇಡಿ ಕಾಕಾ, ಈ ಏಜ್‌ಗೆ ಏಕ್‌ದಮ್ ನಾರ್ಮಲ್" ಎಂದಳು.

ಪಾಪ, ಸಮಾಧಾನಕ್ಕೆಂದೇ ಹೇಳಿದಳು. ಆದರೆ ಅಂದಿನಿಂದ ಅನ್ನ ರುಚಿಸುತ್ತಿಲ್ಲ. ಕಾಯಿಲೆಯಾಗಿದ್ದರೆ ಗುಳಿಗೆ ನುಂಗುತ್ತಾ ವಾಸಿಯಾಗುವ ಆಸೆಯನ್ನಾದರೂ ಇಟ್ಟುಕೊಳ್ಳಬಹುದಿತ್ತು. ಆರೋಗ್ಯವೆಂದರೇ ಇದು ಎಂದಾದ ಮೇಲೆ ಯಾವ ಡಾಕ್ಟರ ಬಾಗಿಲು ಬಡಿಯಲಿ, ನೀವೇ ಹೇಳಿ. ಹೋದ ಸಲದ ತಾಳಮದ್ದಳೆ ಕೂಟದಲ್ಲಿ ನನ್ನ ಮಾತು ಮುಗಿಯುವ ಮೊದಲೇ ಸಭಿಕರು ನಕ್ಕಿದ್ದರು. ಎಂಥ ಅಭಿಮಾನವಪ್ಪಾ ಎಂದು ನಾನು ಉಬ್ಬಿಹೋಗಿದ್ದೆ. ಆ ಮಾತು ಅವರಿಗೆ ಬಾಯಿಪಾಠವಾಗಿತ್ತು ಎಂಬುದು ಈಗ ಅರ್ಥವಾಗುತ್ತಿದೆ. ಎದುರಿಗೆ ಕುಳಿತವರೂ ನನ್ನ ಹಳೆಯ ಉತ್ತರಗಳಿಗೆ ಹೊಂದುವ ಪ್ರಶ್ನೆಗಳನ್ನೇ ಆರಿಸಿ ಕೇಳುತ್ತಿದ್ದರು. ಎಷ್ಟು ವರ್ಷಗಳಿಂದಲೋ! ಆ ಹುಡುಗಿ ಅಳೆಯುವ ಮೊದಲೇ ಎಲ್ಲರೂ ನನ್ನನ್ನು ಅಳೆದು, ಮರ್ಯಾದೆಗೆ ಸುಮ್ಮನಿದ್ದರು.

ನಿನ್ನೆ ಶೇಖರ ಶೆಟ್ಟಿಯ ಫೋನು ಬಂತು. ಹೋಟೆಲು ನಡೆಸುತ್ತಾ ನಮ್ಮ ಕೂಟಗಳನ್ನೂ ನಡೆಸುವವನು ಅವನೇ.

"ಅಣ್ಣಾ, ಬರುವ ಆದಿತ್ಯವಾರ ಸಾನಪಾಡದಲ್ಲಿ ಕೂಟ. ಸಂಧಾನಕ್ಕೆ ಬರುವ ದೂತ ನೀವೇ, ಆಯ್ತಾ?"

"ಮಾತು ಕಡಿಮೆ ಇರುವ ಪಾತ್ರ ಇದ್ರೆ ಕೊಡು ಮಾರಾಯ."

ಶೆಟ್ಟಿ ಗಟ್ಟಿಯಾಗಿ ನಕ್ಕ. "ಎಂಥ ಅಣ್ಣಾ, ತಾಳಮದ್ದಳೆಯಲ್ಲಿ ಮಾತಿಲ್ಲದ ಪಾತ್ರ ಉಂಟಾ? ನೀವು ಹೊಸತು ಎಂಥದ್ದೂ ಹೇಳುವುದು ಬೇಡ. ಯಾವಾಗಲೂ ಹೇಳುವುದನ್ನೇ ಹೇಳಿ, ಸಾಕು."

ಹೇಗೆ ಬೇಡವೆನ್ನಬೇಕೆಂದು ಹೊಳೆಯದೆ, ಯಾವಾಗಲೂ ಹೇಳುವಂತೆ, "ಆಯ್ತು, ಬರ್ತೇನೆ" ಎಂದೆ.