ಹಾಡುಗಾರ್ತಿಗಾಗಿ ಕಾದ ಬಸೂನ್

ಮಿಲಾನಿನ ಒಪೆರಾ ಮಂದಿರದಲ್ಲಿ, ವೇದಿಕೆಯ ಬುಡದಲ್ಲಿ ವಾದ್ಯಗಾರರು ಕೂರುವ ಹಳ್ಳದಲ್ಲಿ ಕೂತು ಜಿಲ್ದೊ ಕತ್ತಾನೆಯೊ ಆಯುಷ್ಯವೆಲ್ಲ ಬಸೂನ್ ಊದಿದ. ಹೆಚ್ಚುಕಡಿಮೆ ಆಳುದ್ದದ ಮರದ ವಾದ್ಯ, ತಗ್ಗಿದ ಗಂಡುದನಿ. ಅಲ್ಲಿನ ಕಟ್ಟಳೆ ಒಂದೇ: ಹಾಡುಗಾರ್ತಿಯ ದನಿಯನ್ನು ಮುಚ್ಚಬಾರದು. ಅವಳು ಉಸಿರೆಳೆದಾಗಲೇ ತಾನೂ ಎಳೆಯಬೇಕು. ಚಪ್ಪಾಳೆಯ ಆಸೆಗೆ ಅವಳೊಂದು ಸ್ವರವನ್ನು ಜಗ್ಗಿದರೆ, ಬಿಡುವವರೆಗೂ ಕಾಯಬೇಕು. ಪಕ್ಕದಲ್ಲಿ ಕ್ಲಾರಿನೆಟ್ ಊದುತ್ತಿದ್ದ ಗೆಳೆಯ ಫೆರ್ಮೊನ ಪಾಡೂ ಅದೇ.

ಹೆಂಡತಿ ಜುದಿತ್ತಾ ಮೇಲಟ್ಟದಲ್ಲಿ ಕೂತು ಎಷ್ಟೋ ಸಲ ಕೇಳಿದ್ದಳು. "ಆ ಗದ್ದಲದಲ್ಲಿ ನಿನ್ನದು ಯಾವ್ದೂಂತ ಹುಡುಕ್ಲಿ?" ಎಂದು ನಗುತ್ತಿದ್ದಳು.

ಆಮೇಲೆ ಜಿಲ್ದೊನ ಕೆಮ್ಮಿನಲ್ಲಿ ರಕ್ತ ಕಾಣಿಸಿತು. ವೈದ್ಯರು ಊದುವುದನ್ನೇ ಬಿಡು ಎಂದರು. ಅದೇ ಹೊತ್ತಿಗೆ, ಪಿಯಾನೋ ಬಾರಿಸಿಕೊಂಡು ಹಾಡುಗಾರರಿಗೆ ಪಾಠ ಹೇಳುತ್ತಿದ್ದ ವಿಸ್ಮಾರಾ ಒಪೆರಾದ ಗುಂಗಿನಲ್ಲೇ ಪಿಯಾನೋ, ಕ್ಲಾರಿನೆಟ್, ಬಸೂನ್ ಮೂರಕ್ಕೇ ಒಂದು ಕೃತಿ ಬರೆದ. ಅದರ ವಿಳಂಬದ ಭಾಗದಲ್ಲಿ ಬಸೂನೇ ನಾಯಕಿ. ತನ್ನನ್ನು ಕೈಬಿಟ್ಟ ನಲ್ಲನಿಗಾಗಿ ಅಳುವವಳಂತೆ ಅದೊಂದೇ ಅಳಬೇಕು.

"ಸಾಯೋದ್ರೊಳಗೆ ಜುದಿತ್ತಾಗೆ ಇದನ್ನೊಂದ್ಸಲ ಕೇಳಿಸ್ಬೇಕು ಕಣೋ," ಎಂದ ಜಿಲ್ದೊ.

"ಸಾಯೋ ಮಾತು ಬಿಡೋ. ನೀನು ಹೋದ್ರೆ ನಂಗೆ ವೈನ್ ಕುಡಿಸೋರ್ಯಾರು?" ಎಂದ ಫೆರ್ಮೊ.

"ಇಲ್ಲೀತನಕ ಕುಡಿಸಿದ್ದಕ್ಕೇ ನಿನ್ನ ಮೂಗು ಆ ಬಣ್ಣಕ್ಕೆ ಬಂದಿರೋದು."

ಅಭ್ಯಾಸದಲ್ಲಿ ವಿಸ್ಮಾರಾ ಪಾಠದ ಚಟಕ್ಕೆ ಬಸೂನಿನ ರಾಗವನ್ನು ತಾನೇ ಗಟ್ಟಿಯಾಗಿ ಹಾಡಿಕೊಂಡು ಬಾರಿಸುತ್ತಿದ್ದ. ಆ ದನಿಯ ಹಿಂದೆಯೇ ಜಿಲ್ದೊ ಊದುತ್ತಿದ್ದ; ಎಲ್ಲ ಸರಿಯಾಗಿಯೇ ಇತ್ತು.

ಕೃತಿ ನುಡಿಸುವ ಭಾನುವಾರ ವಿಸ್ಮಾರಾನ ಪಡಸಾಲೆಯಲ್ಲಿ ಜುದಿತ್ತಾ ಮುಂದಿನ ಕುರ್ಚಿಯಲ್ಲೇ ಕೂತಳು. ನೆಂಟರಿಷ್ಟರ ಎದುರು ವಿಸ್ಮಾರಾ ಹಾಡದೆ ಬರೀ ಬಾರಿಸಿದ. ಜಿಲ್ದೊ ಊದತೊಡಗಿದ; ದನಿ ತೀರ ಸಣ್ಣದು, ಯಾರದೋ ಹಾಡಿನ ಅಡಿ ಹಾಸುವ ದನಿ. ಜೋರಾಗಿ ಊದೋ ಎಂದು ಫೆರ್ಮೊ ಒಳಗೊಳಗೇ ಬೇಡಿಕೊಂಡ. ರಾಗ ತುದಿಗೇರಿದಾಗ ಜಿಲ್ದೊ ಊದುವುದನ್ನು ನಿಲ್ಲಿಸಿಬಿಟ್ಟ. ತಲೆ ಎತ್ತಿ, ವೇದಿಕೆ ಇರಬೇಕಾದ ಕಡೆ ನೋಡುತ್ತ, ಹಾಡುಗಾರ್ತಿ ಸ್ವರ ಬಿಡುವುದನ್ನೇ ಕಾದ. ಅಲ್ಲಿ ಗೋಡೆಯಿತ್ತು.

ತಪ್ಪಿದ ಹಾಡುಗಾರರನ್ನು ಎತ್ತಿಹಿಡಿದು ಪಳಗಿದ್ದ ವಿಸ್ಮಾರಾನ ಕೈ ರಾಗವನ್ನು ತಾನೇ ನುಡಿಸಿಬಿಟ್ಟಿತು. ಜಿಲ್ದೊನಿಗೆ ಅದು ಮತ್ತೆ ಸಿಗಲಿಲ್ಲ.

ಮನೆಯ ದಾರಿಯಲ್ಲಿ ಅವನು ಜುದಿತ್ತಾಳನ್ನು ಕೇಳಿದ, "ಹೇಗಿತ್ತೇ?"

"ಚೆನ್ನಾಗಿತ್ತು. ಆ ಪಿಯಾನೋ ಅಂತೂ ಅಳಿಸಿಬಿಡ್ತು."

"ಹೌದು," ಎಂದ ಜಿಲ್ದೊ. ಫೆರ್ಮೊ ನೆಲ ನೋಡುತ್ತ ನಡೆದ.

ಜಿಲ್ದೊನಿಗೆ ಇನ್ನೊಮ್ಮೆ ಊದಲು ಉಸಿರು ಉಳಿದಿರಲಿಲ್ಲ; ಚಳಿಗಾಲಕ್ಕೆ ಮೊದಲೇ ತೀರಿಕೊಂಡ. ಕ್ರಿಸ್ಮಸ್ಸಿನ ಮರುದಿನ, ಸಂತ ಸ್ಟೀಫನ್ನನ ಹಬ್ಬಕ್ಕೆ, ಆ ವರ್ಷದ ಒಪೆರಾ ಶುರುವಾದಾಗ ಅವನ ಕುರ್ಚಿಯಲ್ಲಿ ಬೇರೆಯವನಿದ್ದ. ಹಾಡುಗಾರ್ತಿಗೆ ಯಾವ ವ್ಯತ್ಯಾಸವೂ ಗೊತ್ತಾಗಲಿಲ್ಲ.

ಚಳಿ ಇಳಿದ ಮೇಲೆ ಜುದಿತ್ತಾ ಫೆರ್ಮೊನ ಮನೆಗೆ ಬಂದಳು. "ಅಣ್ಣಾ, ಅವರ ಬಸೂನಿನ ದನಿ ಹೇಗಿತ್ತು? ಒಂದ್ಸಲ ಊದಿ ತೋರಿಸಿ."

ಫೆರ್ಮೊ ಕ್ಲಾರಿನೆಟ್ಟಿನ ಕೊನೆಯ ತಗ್ಗಿನವರೆಗೂ ಇಳಿದು ಆ ರಾಗವನ್ನು ಊದಿದ.

"ಹೀಗಿತ್ತಾ?"

"ಇಲ್ಲಮ್ಮ," ಎಂದ ಫೆರ್ಮೊ. "ಹೀಗಿರಲಿಲ್ಲ."