ಮುಳುಗದ ಬಟ್ಟಲು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಂಬುತ್ತಿರಲಿಲ್ಲ. ಈಗಲೂ ಪೂರ್ತಿ ನಂಬುತ್ತೇನೆಂದಲ್ಲ. ನನ್ನ ನೆನಪಿನ ಮೇಲೆ ನನಗೇ ಅಷ್ಟು ಭರವಸೆಯಿಲ್ಲ. ಆದ್ದರಿಂದ ದಿನಚರಿಯನ್ನು ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ.

ನಲವತ್ತರ ದಶಕದ ಆರಂಭ. ಪದವಿ ಮುಗಿಸಿ ಗಂಗಾವತಿ ಹತ್ತಿರದ ಮರಳಿಯಲ್ಲಿ ಮಾಸ್ತರನಾಗಿದ್ದೆ. ನಿಜಾಮರ ಆಡಳಿತ, ಪಾಠವೆಲ್ಲ ಉರ್ದುವಿನಲ್ಲಿ. ಮಕ್ಕಳಿಗೆ ತಿಳಿಯುತ್ತಿರಲಿಲ್ಲ, ನನಗೆ ಹೇಳಿ ಹೇಳಿ ಸಾಕಾಗಿತ್ತು. ವಾರಕ್ಕೊಂದು ತಾಸು ಕನ್ನಡದಲ್ಲಿ ಸಣ್ಣ ನಾಟಕ ಆಡಿಸತೊಡಗಿದೆ: ವಿಜಯನಗರದ ಅರಸರ ಕಾಲದಲ್ಲಿ ಜನ ಹೇಗೆ ಉತ್ತರು, ನೇಯ್ದರು, ನೀರು ಹಂಚಿಕೊಂಡರು ಎಂದು. ಸುದ್ದಿ ಮೇಲಿನವರಿಗೆ ಹೋಯಿತು. ತಪಾಸಣೆಯ ಸಾಹೇಬರು ಬಂದು ಒಂದು ನಾಟಕ ನೋಡಿ, ಆ ತಾಸನ್ನು ಉಳಿಸುವುದೋ ತೆಗೆಯುವುದೋ ತೀರ್ಮಾನಿಸುವರೆಂದು ತಿಳಿಯಿತು.

ಕಾಲುವೆ ನೀರಿನ ಸರದಿಯ ನಾಟಕ ಆರಿಸಿದೆ. ಅಡಿಯಲ್ಲಿ ತೂತಿರುವ ತಾಮ್ರದ ಬಟ್ಟಲನ್ನು ಹಂಡೆಯ ನೀರಿನಲ್ಲಿ ತೇಲಿಬಿಡುವುದು. ಅದು ತುಂಬಿ ಮುಳುಗಿದರೆ ಒಬ್ಬನ ಸರದಿ ಮುಗಿದಂತೆ. ಬಟ್ಟಲು ಕೊಟ್ಟವಳು ನೀರು ಹಂಚುವ ಮನೆತನದ ಮುದುಕಿ ಹನುಮವ್ವ. ಬಟ್ಟಲು ಬಿಡುವ ಪಾತ್ರ ನನ್ನ ತರಗತಿಯ ಹುಡುಗಿ ದುರಗಿಯದು. ಅವಳ ಅಪ್ಪ ಊರವರ ಗದ್ದೆಗಳಿಗೆ ನೀರು ತಿರುವುತ್ತಲೇ ಸತ್ತವನು. ಸ್ವಂತಕ್ಕೆ ಗೇಣು ನೆಲವಿರಲಿಲ್ಲ. ತಾಲೀಮಿನಲ್ಲಿ ಅವಳು ಪ್ರತಿ ಸಲ ಅಪ್ಪನ ಹೆಸರು ಹಿಡಿದು, ಇದು ಅವನ ನೀರು ಎಂದೇ ಬಟ್ಟಲು ಬಿಡುತ್ತಿದ್ದಳು. ಹಳೆಯ ಕಾಲದ ನಾಟಕದಲ್ಲಿ ಈಗಿನವರ ಹೆಸರೇಕೆಂದು ಕೊನೆಯ ದಿನ ಅದನ್ನು ತೆಗೆಸಿದೆ.

ಸಾಹೇಬರು ಬಂದು ಕೂತರು. ದುರಗಿ ಬಟ್ಟಲು ಬಿಟ್ಟಳು. ಮಕ್ಕಳ ಮಾತೆಲ್ಲ ಮುಗಿಯಿತು, ಬಟ್ಟಲು ಮುಳುಗಲಿಲ್ಲ. ಬಗ್ಗಿ ನೋಡಿದೆ. ಅಂಚಿನವರೆಗೆ ತುಂಬಿತ್ತು, ಆದರೂ ತೇಲುತ್ತಿತ್ತು. ಸಾಹೇಬರು ಗಡಿಯಾರ ನೋಡಿಕೊಂಡರು. ಮಕ್ಕಳು ಹೇಳಿದ್ದನ್ನೇ ಮತ್ತೆ ಹೇಳತೊಡಗಿದರು.

ಬಾಗಿಲಲ್ಲಿ ಕೂತಿದ್ದ ಹನುಮವ್ವ ಅಂದಳು: “ಯಾರ ನೀರಂತ ಹೇಳದ ಬಿಟ್ರ ಅದು ಯಾಕ ಮುಳಗತೈತ್ರಿ, ಮಾಸ್ತರ? ಇಷ್ಟ ಕಲತೀರಿ, ಇದೊಂದು ತಿಳಿಲಿಲ್ಲೇನ್ರಿ?”

ದುರಗಿ ನನ್ನ ಮುಖ ನೋಡಿದಳು. ಹೇಳೆಂದು ತಲೆಯಾಡಿಸಿದೆ. ಅಪ್ಪನ ಹೆಸರು ಹಿಡಿದು ಕೂಗಿದಳು. ಬಟ್ಟಲು ಮುಳುಗಿತು.

“ಅಂವಗೂ ಒಂದ ಸರದಿ ಬಂತು ಬಿಡು,” ಎಂದಳು ಮುದುಕಿ, “ಸತ್ತ ಮ್ಯಾಲ.”

ಸಾಹೇಬರು ಎದ್ದು ಹೊರಟರು. ಹದಿನೈದು ದಿನಕ್ಕೆ ನಾಟಕ ನಿಲ್ಲಿಸುವ ಹುಕುಂ ಬಂತು. ದುರಗಿ ಶಾಲೆ ಬಿಟ್ಟು ಕಳೆ ಕೀಳುವ ಕೂಲಿಗೆ ಹೋಗತೊಡಗಿದಳು. ನನಗೂ ವಾದಿಸುವ ಶಕ್ತಿ ಉಳಿದಿರಲಿಲ್ಲ.

ಬಟ್ಟಲು ಹಿಂತಿರುಗಿಸುವ ಮುಂಚೆ ಮನೆಯಲ್ಲಿ ಎಷ್ಟೋ ಸಲ, ಯಾರ ಹೆಸರೂ ಹೇಳದೆ, ನೀರಿಗೆ ಬಿಟ್ಟು ನೋಡಿದೆ. ಪ್ರತಿ ಸಲವೂ ಮುಳುಗಿತು. ಹಾಗಾದರೆ ಅಂದು ನಾನು ಕಂಡದ್ದೇನು? ದಿನಚರಿಯಲ್ಲಿ ‘ತುಂಬಿತ್ತು, ತೇಲುತ್ತಿತ್ತು’ ಎಂದೇ ಇದೆ. ಯಾವ ಮಗುವಿಗೆ ಯಾವ ಪಾತ್ರ, ಸಾಹೇಬರಿಗೆ ಎಷ್ಟು ಸಲ ಚಹಾ, ಅದೆಲ್ಲ ಇದೆ. ದುರಗಿಯ ಅಪ್ಪನ ಹೆಸರನ್ನು ಮಾತ್ರ ನಾನು ಬರೆದಿಟ್ಟಿಲ್ಲ. ಎಷ್ಟು ಯೋಚಿಸಿದರೂ ನೆನಪಿಗೆ ಬರುತ್ತಿಲ್ಲ.