ಖಂಡೇನವಮಿಗೆ ಆರಿಸಿದ ಲ್ಯಾಪ್‌ಟಾಪ್

ಮುಕ್ತ ತಂತ್ರಾಂಶದ ಕಂಪ್ಯೂಟರು ಹೊಸಬರಿಗೆ ಸುಲಭವೇ ಎಂಬ ವಿಷಯದಲ್ಲಿ ನಾನು ಪರ ವಹಿಸಿ ಮಾತನಾಡಿದ ಸಭೆಗಳು ಹಲವು. ಕಾಲೇಜಿನ ಚರ್ಚಾಕೂಟದಲ್ಲಿ ಕಲಿತ ಒಂದು ಪಟ್ಟನ್ನು ಅಲ್ಲೆಲ್ಲ ಬಳಸುತ್ತಿದ್ದೆ: ಎದುರಾಳಿಯ ಕೊನೆಯ ಆಕ್ಷೇಪಕ್ಕೆ ತರ್ಕದಿಂದಲ್ಲ, ಒಬ್ಬ ಮನುಷ್ಯನನ್ನು ತೋರಿಸಿ ಉತ್ತರಿಸಬೇಕು. ನಾನು ತೋರಿಸುತ್ತಿದ್ದುದು ನನ್ನ ಅಕ್ಕನ ಮಾವನವರನ್ನು. ಎಪ್ಪತ್ತು ದಾಟಿದವರು, ಕಂಪ್ಯೂಟರನ್ನು ಮುಟ್ಟಿಯೇ ಇರದವರು, ನಾನು ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ಹಾಕಿಕೊಟ್ಟ ಲ್ಯಾಪ್‌ಟಾಪನ್ನು ಒಂದೇ ಮಧ್ಯಾಹ್ನದಲ್ಲಿ ಕಲಿತರು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಈಗ ಅದನ್ನು ಸಭೆಯಲ್ಲಿ ಹೇಳಲು ನನಗೆ ಬಾಯಿ ಬರುವುದಿಲ್ಲ.

ಮಾವನವರು ತತ್ವಪದ ಹಾಡುವವರು. ಗುರುವಿನ ಬಾಯಿಂದ ಕೇಳಿ ಕಲಿತ ಪದಗಳು. ಯಾವ ಪುಸ್ತಕದಲ್ಲಿಯೂ ಇಲ್ಲದವು. ಕಮಲಾಪುರದ ತಹಸೀಲ್ ಕಚೇರಿಯ ಎದುರು ಅಕ್ಕನದೊಂದು ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ. ಸಂಜೆ ಗಿರಾಕಿ ಕಡಿಮೆಯಾದ ಮೇಲೆ ಅವರು ಏಕತಾರಿ ಹಿಡಿದು ಹಾಡುವುದು, ಅವಳು ಮೊಬೈಲಿನಲ್ಲಿ ಧ್ವನಿ ತುಂಬಿಕೊಂಡು ಅಂಗಡಿಯ ಕಂಪ್ಯೂಟರಿಗೆ ಸಾಗಿಸಿ ಮೊಬೈಲನ್ನು ಖಾಲಿ ಮಾಡುವುದು, ಹೀಗೆ ಕೆಲವು ವರ್ಷ ನಡೆಯಿತು. ಆಮೇಲೆ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಧ್ವನಿ ಉಳಿದದ್ದು ಆ ಕಂಪ್ಯೂಟರಿನಲ್ಲಿ ಮಾತ್ರ. ಗಿರಾಕಿಯೊಬ್ಬರ ಪೆನ್‌ಡ್ರೈವಿನಿಂದ ಬಂದ ವೈರಸ್ ಅದರಲ್ಲಿಯೂ ಹತ್ತಾರು ಪದಗಳನ್ನು ತಿಂದುಹಾಕಿದಾಗ ಅಕ್ಕ ನನ್ನನ್ನು ಕರೆದಳು.

ನಾನು ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಹಳೆಯ ಲ್ಯಾಪ್‌ಟಾಪ್ ಒಂದನ್ನು ಕೊಂಡು, ಶರಣಬಸವೇಶ್ವರ ಗುಡಿಯ ಹಿಂದಿನ ನನ್ನ ಕೋಣೆಯಲ್ಲಿ ಲಿನಕ್ಸ್ ಹಾಕಲು ಕುಳಿತೆ. ಅದು ಸರಳವಾದ ಕೆಲವು ಪ್ರಶ್ನೆಗಳನ್ನು ಕೇಳಿತು. ಡಿಸ್ಕಿಗೆ ಪೂರ್ತಿ ಬೀಗ ಹಾಕಲೇ ಎಂಬುದು ಅವುಗಳಲ್ಲೊಂದು. ಊರವರ ಆಧಾರ್ ಪ್ರತಿ, ಜಾತಿ ಪ್ರಮಾಣಪತ್ರಗಳೂ ಅಕ್ಕನ ಬಳಿ ಇರುತ್ತವೆ. ಜನರ ಖಾಸಗಿತನವನ್ನು ಕಾಯುವುದು ನಮ್ಮ ಧರ್ಮ ಎಂದುಕೊಂಡು ಒಪ್ಪಿಗೆ ಕೊಟ್ಟೆ. ಗುಪ್ತವಾಕ್ಯ ಮರೆತರೆ ಯಾರಿಂದಲೂ ತೆರೆಯಲಾಗದು ಎಂದು ಪರದೆ ಎಚ್ಚರಿಸಿತು. ನಾನು ಆ ಎಚ್ಚರಿಕೆಯನ್ನು ಓದಿದೆ. ಓದಿ, ಮೆಚ್ಚಿಕೊಂಡೆ. ನನ್ನದೇ ಭಾಷಣವೊಂದರ ಉದ್ದನೆಯ ವಾಕ್ಯವನ್ನು ಗುಪ್ತವಾಕ್ಯ ಮಾಡಿದೆ.

ಕಮಲಾಪುರದ ಅಂಗಡಿಯಲ್ಲಿ ಅದನ್ನು ಮೊದಲ ಸಲ ಚಾಲೂ ಮಾಡುವಾಗ ಅಕ್ಕ ಬಗ್ಗಿ ನೋಡುತ್ತಿದ್ದಳು.

“ಸುರುವಿಗೇ ಅಷ್ಟುದ್ದ ಏನ್ ಬರದೆಪ್ಪಾ?”

“ಬೀಗದ ಮಾತು ಅಕ್ಕಾ. ನಿನಗ ಬೇಕಾಗಂಗಿಲ್ಲ. ಬಂದ್ ಮಾಡೋ ಜರೂರತೇ ಇಲ್ಲ ಇದನ್ನ. ಮುಚ್ಚಿದ್ರ ಮಲಗತದ, ತೆರದ್ರ ಏಳತದ.”

“ಎದ್ದಾಗ ಕೇಳಿದ್ರ?”

“ಕೇಳಂಗಿಲ್ಲ. ಮಾವನವ್ರಿಗೆ ತ್ರಾಸ ಆಗಬಾರದಂತ ಹಂಗೇ ಮಾಡೀನಿ.”

“ಆದ್ರೂ ಚೀಟಿಮ್ಯಾಗ ಬರದು ದೇವರ ಜಗಲಿಮ್ಯಾಗ ಇಡು.”

“ಬರದಿಟ್ಟ ಗುಟ್ಟು ಗುಟ್ಟೇ ಅಲ್ಲ.”

“ನೀ ಮನ್ಯಾಗೂ ಮೈಕಿನ ಮುಂದ ನಿಂತಂಗೇ ಮಾತಾಡ್ತಿ” ಎಂದು ಅಕ್ಕ ನಕ್ಕಳು. “ನಾ ಅರ್ಜಿ ಬರಿಯಾಕಿ. ನನಗ ಎಲ್ಲಾದಕ್ಕೂ ಒಂದು ಕಾಪಿ ಬೇಕು. ಹಾಡಾದ್ರೂ ಪೆನ್‌ಡ್ರೈವಿನ್ಯಾಗ ಇನ್ನೊಂದು ಇರಲಿ.”

ರೋಗ ಬಂದದ್ದೇ ಪೆನ್‌ಡ್ರೈವಿನಿಂದ ಎಂದು ನಾನು ಆ ವಾದವನ್ನೂ ಗೆದ್ದೆ. ಹಾಡುಗಳೆಲ್ಲ ಲ್ಯಾಪ್‌ಟಾಪಿಗೆ ಬಂದ ಮೇಲೆ ಅಂಗಡಿಯ ಕಂಪ್ಯೂಟರನ್ನು ನನ್ನ ಕೈಯಿಂದಲೇ ಪೂರ್ತಿ ಅಳಿಸಿ ಅದಕ್ಕೂ ಲಿನಕ್ಸ್ ಹಾಕಿದೆ.

ಪರದೆಯ ಮೇಲೆ ಏಕತಾರಿಯ ಚಿತ್ರವಿಟ್ಟು, ಅದನ್ನು ಒತ್ತಿದರೆ ಹಾಡುಗಳ ಸಾಲು ತೆರೆಯುವಂತೆ ಮಾಡಿದ್ದೆ. ಮಾವನವರು ದಿನವೂ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದು ಕುಳಿತು, ಲ್ಯಾಪ್‌ಟಾಪಿನ ಮುಚ್ಚಳವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಎಡಗೈಯ ಬೆರಳಿನಿಂದ ಒತ್ತುತ್ತಿದ್ದರು. ಅವರದೇ ಕಂಠ ಅಂಗಡಿ ತುಂಬುತ್ತಿತ್ತು. ಅವರ ತುಟಿಗಳು ಸದ್ದಿಲ್ಲದೆ ಅದರ ಹಿಂದೆ ಹೋಗುತ್ತಿದ್ದವು. ಅರ್ಜಿ ಬರೆಸಲು ಬಂದವರು ಕೆಲಸ ಮುಗಿದರೂ ಬಾಕಿನ ಮೇಲೆ ಕುಳಿತಿರುತ್ತಿದ್ದರು.

ಯುಗಾದಿಯಿಂದ ಮಹಾನವಮಿಯವರೆಗೆ ಆ ಲ್ಯಾಪ್‌ಟಾಪ್ ಒಮ್ಮೆಯೂ ಪೂರ್ತಿ ಆರಲಿಲ್ಲ. ಅಷ್ಟು ತಿಂಗಳಲ್ಲಿ ಒಮ್ಮೆಯೂ ಆ ವಾಕ್ಯವನ್ನು ಬರೆಯುವ ಪ್ರಸಂಗ ನನಗೆ ಬರಲಿಲ್ಲ.

ಆ ಮನೆಯಲ್ಲಿ ಖಂಡೇನವಮಿಯ ಆಯುಧಪೂಜೆಗೊಂದು ಕಟ್ಟುನಿಟ್ಟಿನ ಪದ್ಧತಿಯುಂಟು: ಪೂಜೆಗಿಟ್ಟ ಸಾಮಾನು ವಿಶ್ರಾಂತಿಯಲ್ಲಿರಬೇಕು. ಝೆರಾಕ್ಸ್ ಯಂತ್ರದ ವಯರು ಕೀಳುತ್ತಾರೆ, ಹೊಲಿಗೆ ಯಂತ್ರದ ಪಟ್ಟಾ ಇಳಿಸುತ್ತಾರೆ, ಏಕತಾರಿಯ ತಂತಿಯನ್ನೂ ಸಡಿಲಿಸುತ್ತಾರೆ. ಅಕ್ಕ ಲ್ಯಾಪ್‌ಟಾಪನ್ನು ಮುಚ್ಚಿ, ವಿಭೂತಿ ಎಳೆದು, ಚೆಂಡುಹೂ ಇಟ್ಟಳು. ಮಾವನವರು ತಲೆಯಲ್ಲಾಡಿಸಿದರು. ಎಡಗೈ ಎತ್ತಿ ಅದರ ಅಂಚನ್ನು ತೋರಿಸಿದರು. ಅಲ್ಲಿ ಸಣ್ಣ ದೀಪವೊಂದು ಮಿಣುಕುತ್ತಿತ್ತು. ನಿದ್ರೆಯಲ್ಲಿರುವ ಯಂತ್ರದ ದೀಪ. ಇನ್ನೂ ದುಡಿಯುತ್ತಿರುವುದಕ್ಕೆ ಪೂಜೆ ಸಲ್ಲದು. ಅಕ್ಕ ಮುಚ್ಚಳ ತೆರೆದು, ದೀಪ ಆರುವವರೆಗೆ ಗುಂಡಿಯನ್ನು ಒತ್ತಿ ಹಿಡಿದಳು. ಆಮೇಲೆ ಮಾವನವರು ಕೈ ಮುಗಿದರು.

ದಸರೆಯ ಸಂಜೆ ಬನ್ನಿ ಕೊಡಲು ಕಮಲಾಪುರಕ್ಕೆ ಹೋದೆ. ಅಕ್ಕ ಬನ್ನಿಗೆ ಕೈ ಚಾಚಲಿಲ್ಲ.

“ತಮ್ಮಾ, ಅದು ಏನೋ ಕೇಳಾಕತ್ತದ.”

ಕಪ್ಪು ಪರದೆ. ನಡುವೆ ಒಂದು ಖಾಲಿ ಪೆಟ್ಟಿಗೆ. ನಾನು ವಾಕ್ಯ ಬರೆದೆ. ಅದು ತುಸು ಹೊತ್ತು ಯೋಚಿಸಿ ಪೆಟ್ಟಿಗೆಯನ್ನು ಮತ್ತೆ ಖಾಲಿ ಮಾಡಿತು. ಇನ್ನೊಂದು ಬರೆದೆ. ಇನ್ನೊಂದು. ಎಷ್ಟೋ ಸಭೆಗಳು, ಎಷ್ಟೋ ವಾಕ್ಯಗಳು; ಎಲ್ಲವೂ ಒಂದೇ ಅಚ್ಚಿನವು. ಯಾವುದನ್ನು ಆರಿಸಿದ್ದೆನೆಂಬುದೇ ನನ್ನ ತಲೆಯಲ್ಲಿರಲಿಲ್ಲ.

“ನಿನಗ ಗೊತ್ತದಲ್ಲ?” ಎಂದಳು ಅಕ್ಕ. ನಾನು ಮತ್ತೊಂದು ವಾಕ್ಯ ಬರೆದ ಮೇಲೆ, ಇನ್ನೂ ಮೆಲ್ಲಗೆ, “ಗೊತ್ತದಲ್ಲ?”

ಮಾವನವರು ಎದುರಿಗೇ ಕುಳಿತಿದ್ದರು. ನನ್ನ ಬೆರಳುಗಳನ್ನು ನೋಡುತ್ತ, ಹಾಡು ಶುರುವಾಗಲೆಂದು ತುಟಿ ಸಿದ್ಧಮಾಡಿಕೊಂಡಿದ್ದರು.

ಲ್ಯಾಪ್‌ಟಾಪನ್ನು ಕಲಬುರಗಿಗೆ ತಂದೆ. ಮೊದಲು ಅದನ್ನು ಮಾರಿದ್ದ ಅಂಗಡಿಯವನು ತಿರುಗಿಸಿ ಮುರುಗಿಸಿ ನೋಡಿದ.

“ಯೇ ನಹೀಂ ಖುಲತಾ, ಸಾಬ್. ತೆರಿಯಂಗಿಲ್ಲ ಇದು. ಭಾಳ ಪಕ್ಕಾ ಕೀಲಿ ಅದ. ಯಾರ್ ಹಾಕಿದ್ರಿ?”

“ನಾನೇ.”

“ಹಂಗಾರ ಕಳ್ಳ ಬರಂಗಿಲ್ಲ ಬಿಡ್ರಿ” ಎಂದು ಅವನು ನಕ್ಕು, ನನ್ನ ಮುಖ ನೋಡಿ ನಗು ನಿಲ್ಲಿಸಿದ.

ಬೀಗದ್ದು ತಪ್ಪಿಲ್ಲ, ಅದು ಹೇಳಿದ್ದನ್ನು ಹೇಳಿದಂತೆಯೇ ಮಾಡುತ್ತಿದೆ. ಹೊಸಬರಿಗೆ ಸುಲಭವಾಗಲೆಂದು ನಾನು ಬೀಗವನ್ನೇ ಅವರ ಕಣ್ಣಿನಿಂದ ಮರೆಮಾಡಿದ್ದೆ. ಮರೆಮಾಡಿದ್ದರಿಂದ ನಾನೂ ಮರೆತೆ. ಹಳೆಯ ಭಾಷಣಗಳ ಕಾಗದಗಳನ್ನೆಲ್ಲ ಹರವಿಕೊಂಡು ಬೆಳಿಗ್ಗೆ ಕೆಲವು, ಸಂಜೆ ಕೆಲವು ವಾಕ್ಯಗಳನ್ನು ಈಗ ಬರೆದು ನೋಡುತ್ತಿದ್ದೇನೆ.

ಅಕ್ಕ ಕಾದು ಕುಳಿತುಕೊಳ್ಳಲಿಲ್ಲ. ನೆನಪಿದ್ದಷ್ಟು ಪದಗಳನ್ನು ಮಾವನವರ ಎದುರು ಕುಳಿತು ತಾನೇ ಹಾಡುತ್ತಾಳೆ, ಪೆನ್ನು ಹಿಡಿದು ಬರೆದುಕೊಳ್ಳುತ್ತಾಳೆ. ಸಾಲು ತಪ್ಪಿದರೆ ಅವರು ಅಲ್ಲವೆಂದು ತಲೆ ಅಲ್ಲಾಡಿಸುತ್ತಾರೆ. ಸರಿಯಾಗುವವರೆಗೆ ಅವಳು ಬದಲಿಸಿ ಬದಲಿಸಿ ಹಾಡುತ್ತಾಳೆ. ಹೀಗೆ ಕೆಲವು ಪದಗಳು ಕಾಗದಕ್ಕಿಳಿದಿವೆ. ಧ್ವನಿಯಲ್ಲ, ಪದಗಳು.

ಇಂದು ಬೆಳಿಗ್ಗೆ ಅವಳ ಫೋನು ಬಂತು.

“ಮಾವನವ್ರು ಹೆಂಗದಾರ?” ಎಂದೆ.

“ಕುಂತಾರ. ರೊಟ್ಟಿ ಅರ್ಧ ಬಿಟ್ರು. ತಮ್ಮಾ, ಇವತ್ತ ನಾ ಬೇಕಂತನೇ ಒಂದು ಸಾಲು ತಪ್ಪು ಹಾಡಿದೆ. ಸುಮ್ಮನ ನೋಡಬೇಕಂತ.”

“ಏನಂದ್ರು?”

“ತಲಿ ಅಲ್ಲಾಡಿಸಲಿಲ್ಲ.”

ಫೋನಿಟ್ಟು, ಕಾಗದದ ಮುಂದಿನ ವಾಕ್ಯವನ್ನು ಟೈಪ್ ಮಾಡಿದೆ. ಪರದೆ ತುಸು ಹೊತ್ತು ಯೋಚಿಸಿತು. ಪೆಟ್ಟಿಗೆ ಮತ್ತೆ ಖಾಲಿಯಾಯಿತು.